ಕಲ್ಲುಹೂವಿನ ನಾಲ್ಕು ದಿನ

ನಾಲ್ಕು ವರ್ಷಕ್ಕೊಮ್ಮೆ ಸೇರುತ್ತಾರೆ ಇವರು.
ಹೋದ ಸಲ ನಾರ್ವೆ, ಅದರ ಹಿಂದೆ ಚಿಲಿ.
ಈ ಸಲ ಕೊಪ್ಪಳ ಎಂದು ಕೈಯೆತ್ತಿದ್ದು ನಾನೇ,
ಬರ್ಗೆನ್ನಿನ ಚಳಿಯಲ್ಲಿ, ಬೇರೆ ಯಾರೂ ಎತ್ತದಿದ್ದಾಗ.
ಎತ್ತಿದ ಕೈ ಇಳಿಸುವಷ್ಟರಲ್ಲಿ ಚಪ್ಪಾಳೆ.

ಎಲ್ಲಿದೆ ಅದು ಎಂದು ಕೇಳಿದವರಿಗೆ
ಕೈಯೊರೆಸುವ ಕಾಗದದ ಮೇಲೆ ತುಂಗಭದ್ರೆ ಎಳೆದು
ಎಡದಂಡೆಗೆ ಒಂದು ಚುಕ್ಕಿ ಇಟ್ಟೆ.
ಗುಡ್ಡ ಬರೆಯಲು ಜಾಗ ಸಾಲಲಿಲ್ಲ.

ಆಮೇಲೆ ಬರೀ ಕಾಗದ.
ವೀಸಾಕ್ಕೆ ಆಮಂತ್ರಣ, ಆಮಂತ್ರಣಕ್ಕೆ ಅನುಮತಿ,
ಅನುಮತಿಗೆ ಮೂರು ಪ್ರತಿ, ಮೂರನೆಯದಕ್ಕೆ ಮತ್ತೆ ಸಹಿ.
ಪ್ರಾಂಶುಪಾಲರು ಪೆನ್ನು ಹಿಡಿದು ಕೇಳಿದರು:
"ಪಾಚಿ ಅಲ್ಲ ಅಂತೀರಿ, ಬೂಷ್ಟೂ ಅಲ್ಲ ಅಂತೀರಿ,
ಮತ್ತೇನು ಅಂತ ಬರೀಲಿ ಮೇಡಂ?"
ಎರಡೂ ಕೂಡಿ ಸಂಸಾರ ಹೂಡಿದ್ದು ಸರ್, ಅಂದೆ.
ಆ ಕಾಲಮ್ಮಿನಲ್ಲಿ 'ಇತರೆ' ಎಂದು ಬರೆದರು.

ಸಭಾಂಗಣವೆಂದರೆ ಊರಲ್ಲಿ ಕಲ್ಯಾಣ ಮಂಟಪವೇ.
ಖಾಜಾಹುಸೇನ ಆಷಾಢದ ದರಕ್ಕೆ ಕೊಟ್ಟ:
"ಈ ತಿಂಗಳ ಯಾರೂ ಮದಿವಿ ಮಾಡ್ಕೊಳಂಗಿಲ್ರಿ, ನೀವರೆ ಬರ್ರಿ."
ವೇದಿಕೆಯ ಕೆಂಪು ಮಖಮಲ್ಲಿನ ಜೋಡಿಕುರ್ಚಿ
ನಾಲ್ಕಾಳು ಹಿಡಿದರೂ ಅಲುಗಲಿಲ್ಲ; ನೆಲಕ್ಕೆ ಬೋಲ್ಟು.
ಹೀಗಾಗಿ ಸಂಘದ ಅಧ್ಯಕ್ಷರು, ಎಪ್ಪತ್ತಾರರ ಒಕುಮುರಾ,
ವರನ ಜಾಗದಲ್ಲಿ ಕೂತು ಉದ್ಘಾಟನೆ ಕಂಡರು.
ಪಕ್ಕದಲ್ಲಿ, ವಧುವಿನಂತೆ, ಅವರ ಮಳೆಕೋಟು.

ಎರಡನೆಯ ದಿನ ಕರೆಂಟು ಹೋಯಿತು.
ಫಿನ್ಲೆಂಡಿನ ಕಾರೀನಾ ಮಾತು ನಿಲ್ಲಿಸದೆ
ಗಾಳಿಯಲ್ಲಿ ಬೆರಳಿಂದ ಉಂಗುರ ಬರೆದಳು:
ಇಷ್ಟಗಲ ಆಗಲು ಇನ್ನೂರು ವರ್ಷ.
ಹಿಂದಿನ ಸಾಲಿನ ನಮ್ಮ ಹುಡುಗರು
ಮೊಬೈಲು ದೀಪ ಹಿಡಿದು ಅವಳ ಬೆರಳು ನೋಡಿದರು.

ಮೂರನೆಯ ದಿನ ಅಡುಗೆಯ ಯಮನೂರಪ್ಪ
ಸೌಟು ಹಿಡಿದೇ ಬಂದು ಭಿತ್ತಿಚಿತ್ರಗಳ ಮುಂದೆ ನಿಂತ.
"ಮೇಡಮ್ಮಾರ, ಇದು ನಮ್ಮ ಕಲ್ಲಹೂ ಅಲ್ಲೇನ್ರಿ?
ಇದಕ್ಕಂತ ಇಮಾನ ಹತ್ತಿ ಬಂದಾರ?
ಮಸಾಲಿಗೆ ದಿನಾ ಹಾಕಾಕತ್ತೀನಲ್ರೀ, ಎರಡು ಚಿಟಿಕಿ!"
ಅನುವಾದಿಸಿದೆ. ಒಂದು ಗಳಿಗೆ ಸದ್ದಿಲ್ಲ.
ಎರಡು ದಿನದಿಂದ ಉಂಡ ಎಣ್ಣೆಗಾಯಿಯೊಳಗೆ
ತಮ್ಮ ಜೀವಮಾನದ ವಿಷಯವೇ ಇತ್ತೆಂದು ತಿಳಿದ
ನಲವತ್ತೊಂದು ವಿಜ್ಞಾನಿಗಳು
ತಟ್ಟೆ ಹಿಡಿದು ಒಲೆಯ ಹತ್ತಿರ ಸಾಲು ನಿಂತರು.
ಅವನು ಡಬ್ಬಿಯನ್ನೇ ತಂದು ಮೇಜಿಗೆ ಸುರುವಿದ.
ಯಾವ ಪ್ರಭೇದ ಎಂಬ ಜಗಳ
ಮಜ್ಜಿಗೆ ಬಂದರೂ ಮುಗಿಯಲಿಲ್ಲ.

ನಲವತ್ತೆರಡನೆಯವರು ಬರಲಿಲ್ಲ.
ಖಾರ್ತೂಮಿನ ಹಾಶಿಮ್ ತಯೀಬ್. ವೀಸಾ ಬರುವ ಮೊದಲೇ
ಅವರೂರಿನ ದಾರಿಗಳು ಮುಚ್ಚಿದ್ದವು.
ಕಡೆಯ ಪತ್ರದಲ್ಲಿ ಕ್ಷಮೆ ಕೇಳಿದ್ದರು,
ಎರಡು ವರ್ಷದ ಚಂದಾ ಬಾಕಿ ಉಳಿದದ್ದಕ್ಕೆ.
ಅವರ ಹದಿನೈದು ನಿಮಿಷವನ್ನು ಯಾರಿಗೂ ಕೊಡಲಿಲ್ಲ.
ಚಹ ಆರುತ್ತಿತ್ತು. ಯಾರೂ ಏಳಲಿಲ್ಲ.

ಕೊನೆಯ ದಿನ ಹಿರೇಬೆಣಕಲ್ ಗುಡ್ಡ.
ಕಲ್ಲುಮನೆಗಳ ಹಿಂದೆ, ದಾರಿ ಬಿಟ್ಟು, ನನ್ನದೊಂದು ಬಂಡೆ,
ಅದರ ಬೆನ್ನಿಗೊಂದು ಹಳದಿ ಉಂಗುರ.
ನೌಕರಿ ಸೇರಿದ ವರ್ಷದಿಂದ ಅಳೆಯುತ್ತಿದ್ದೇನೆ:
ಇಪ್ಪತ್ಮೂರು ವರ್ಷಕ್ಕೆ ಹನ್ನೊಂದು ಮಿಲಿಮೀಟರು.
ಒಕುಮುರಾ ಮೊಣಕಾಲೂರಿ, ಭೂತಗನ್ನಡಿ ಹಿಡಿದು,
ಬಹಳ ಹೊತ್ತು ಏನೂ ಹೇಳಲಿಲ್ಲ.
ಆಮೇಲೆ, "ಇದಕ್ಕೆ ಭಾರೀ ಅವಸರ" ಅಂದರು.

ಎಲ್ಲರೂ ಹೋದ ಮೇಲೆ ಲೆಕ್ಕ.
ಖಾಜಾಹುಸೇನನ ಬಿಲ್ಲಿನಲ್ಲಿ 'ವಧುವಿನ ಕೋಣೆ, ನಾಲ್ಕು ದಿನ';
ಜಗಳಾಡಿ ಹೊಡೆಸಿಹಾಕಿದೆ.
ಕಿನ್ನಾಳದ ಗೊಂಬೆ ಕೊಂಡದ್ದು ನಲವತ್ತೆರಡು,
ಹಂಚಿದ್ದು ನಲವತ್ತೊಂದು.
ಒಂದು ಎಲ್ಲಿ, ಎಂದು ಆಡಿಟರ ಕೆಂಪು ಶಾಯಿ.

ನನ್ನ ಡ್ರಾಯರಿನಲ್ಲಿದೆ,
ಕೊರಳಿಗೆ ಹಾಶಿಮರ ಹೆಸರಿನ ಚೀಟಿ ಸುತ್ತಿಕೊಂಡು.
ಉತ್ತರ ಬರೆದೆ: ದಾಸ್ತಾನಿನಲ್ಲಿ ಇರುತ್ತದೆ.
ಮುಂದಿನ ಅಧಿವೇಶನದಲ್ಲಿ ವಿಲೇವಾರಿ.